ಆಪತ್ಕಾಲಕ್ಕೆ ಕಾಳು ಸಂಗ್ರಹ: ಯಾವುದು, ಎಷ್ಟು, ಹೇಗೆ?

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಭಾಗದಲ್ಲಿ ಹಿಂದೆ ಸುಗ್ಗಿ ಮುಗಿದ ಕೂಡಲೇ ಒಕ್ಕಲುತನದ ಮನೆಯಲ್ಲಿ ಕಾಳನ್ನು ಮೂರು ಪಾಲು ಮಾಡುತ್ತಿದ್ದರು. ಉಣ್ಣುವ ಜೋಳ ಹಗೇವಿಗೆ, ಬಿತ್ತುವ ಜೋಳ ಗಡಿಗೆಗೆ, ಉಳಿದದ್ದು ಸಂತೆಗೆ. ಈಗ ಈ ಕ್ರಮ ತಿರುಗಿದೆ. ಸೋಯಾ ಅವರೆ ಕಣದಿಂದ ನೇರವಾಗಿ ಮಾರುಕಟ್ಟೆ ಪ್ರಾಂಗಣಕ್ಕೆ ಹೋಗುತ್ತದೆ. ಬಂದ ಹಣದಲ್ಲಿ ಸಾಲ ತೀರಿಸಿ, ಜೋಳವನ್ನು ಎಷ್ಟೋ ರೈತರು ಅಂಗಡಿಯಿಂದ ತಿಂಗಳಿಗಿಷ್ಟು ಎಂದು ಕೊಂಡು ತರುತ್ತಾರೆ. ಮಳೆ, ರಸ್ತೆ, ಬ್ಯಾಂಕು, ಪಡಿತರ ಅಂಗಡಿ ಎಲ್ಲವೂ ಸರಿಯಾಗಿರುವವರೆಗೆ ಇದರಿಂದ ತೊಂದರೆಯಿಲ್ಲ. ಇವು ನಿಂತರೆ ಮನೆ ಎಷ್ಟು ದಿನ ನಡೆದೀತು ಎಂಬ ಲೆಕ್ಕವನ್ನು ಪ್ರತಿಯೊಬ್ಬ ರೈತನೂ ಹಾಕಿಕೊಳ್ಳುವುದು ಒಳ್ಳೆಯದು.

ವ್ಯವಸ್ಥೆ ನಿಂತ ಸಂದರ್ಭಗಳು

ಇದು ಬರೀ ಊಹೆಯ ಮಾತಲ್ಲ. 12ನೇ ಶತಮಾನದ ಉತ್ತರಾರ್ಧದಲ್ಲಿ ಬಿಜ್ಜಳನ ಕೊಲೆಯ ಸುಮಾರಿಗೆ ಕಲ್ಯಾಣದಲ್ಲಿ ಆಳುವ ವ್ಯವಸ್ಥೆಯೇ ಕದಡಿತು. ಶರಣರು ಊರು ಬಿಟ್ಟು ಉಳವಿಯ ಕಡೆಗೆ ನಡೆದರು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಬೀದರಿನಿಂದ ಆಳುತ್ತಿದ್ದಾಗ ಭೀಕರ ಬರ ಬಿದ್ದಿತು. ಮಂಗಳವೇಡೆಯ ಅಧಿಕಾರಿ ದಾಮಾಜಿ ಪಂತ ಅಪ್ಪಣೆಗೆ ಕಾಯದೆ ಸರಕಾರಿ ಕಣಜಗಳನ್ನು ಹಸಿದವರಿಗೆ ತೆರೆದನೆಂಬ ಕಥೆ ಗಡಿಯ ಎರಡೂ ಕಡೆ ಪ್ರಚಲಿತವಾಗಿದೆ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ನಾಶವಾಯಿತು. 1972-73ರ ಬರದಲ್ಲಿ ನೆರೆಯ ಮಹಾರಾಷ್ಟ್ರದ ಜನ ಆಮದಾದ ಕೆಂಪು ಮಿಲೋ ಜೋಳವನ್ನು ಪಡಿತರದಲ್ಲಿ ಪಡೆದು ಕಾಲ ಕಳೆದರು.

ಹಣವೂ ನಿಲ್ಲುತ್ತದೆ. ಹೈದರಾಬಾದ್ ಸಂಸ್ಥಾನದ ಹಾಲಿ ರೂಪಾಯಿ 1950ರ ದಶಕದಲ್ಲಿ ಚಲಾವಣೆಯಿಂದ ಮರೆಯಾಯಿತು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಅದು ಮುಂಗಾರಿ ಮಾಲು ಮಾರುವ, ಹಿಂಗಾರಿ ಗೊಬ್ಬರ ಕೊಳ್ಳುವ ಕಾಲ. ದಾರಿಯೂ ನಿಲ್ಲುತ್ತದೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಹುಮನಾಬಾದಿನ ಮೂಲಕ ಹಾಯುವ ಹೈದರಾಬಾದ್-ಪುಣೆ ಹೆದ್ದಾರಿಯಲ್ಲಿ ಸಂಚಾರ ಬಹುಪಾಲು ಸ್ತಬ್ಧವಾಯಿತು. ದುಡಿಯಲು ಹೋದ ಮಕ್ಕಳು ನಗರಗಳಿಂದ ಬರಿಗೈಯಲ್ಲಿ ಊರಿಗೆ ಮರಳಿದರು. ಉಣ್ಣುವ ಬಾಯಿ ಹೆಚ್ಚಾದವು, ಬರುವ ಹಣ ನಿಂತಿತು.

ಮಳೆ, ಹಣ, ದಾರಿ ಈ ಮೂರರಲ್ಲಿ ಒಂದು ನಿಂತರೆ ಕಷ್ಟ. ಮೂರೂ ಒಟ್ಟಿಗೆ ನಿಂತರೆ ಮನೆಯಲ್ಲಿದ್ದದ್ದೇ ಆಸರೆ.

ಬಂಗಾರಕ್ಕಿಂತ ಕಾಳು ಏಕೆ ಮೇಲು?

ಕೆಟ್ಟ ಕಾಲಕ್ಕೆಂದು ಬಂಗಾರ, ಬೆಳ್ಳಿ, ದನಕರು ಇಟ್ಟುಕೊಳ್ಳುವುದು ವಾಡಿಕೆ. ಆದರೆ ಬರದಲ್ಲಿ ಎಲ್ಲರೂ ಒಂದೇ ಕಾಲಕ್ಕೆ ಅವನ್ನು ಮಾರಲು ಹೊರಡುತ್ತಾರೆ, ಎಲ್ಲರೂ ಕಾಳನ್ನೇ ಕೊಳ್ಳಲು ಬರುತ್ತಾರೆ. ಹೀಗಾಗಿ ಕಾಳಿನ ಲೆಕ್ಕದಲ್ಲಿ ಒಡವೆ ಅಗ್ಗವಾಗುತ್ತದೆ. ಮೇವಿಲ್ಲದ ಎತ್ತಿಗಂತೂ ಗಿರಾಕಿಯೇ ಇರುವುದಿಲ್ಲ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು 1943ರ ಬಂಗಾಳದ ಕ್ಷಾಮವನ್ನು ಕುರಿತು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಅಂಶವನ್ನು ತೋರಿಸಿದ್ದಾರೆ. ಅಲ್ಲಿ ಹೆಚ್ಚು ನರಳಿದವರು ಕೂಲಿಯವರು, ಮೀನುಗಾರರು, ಕುಶಲಕರ್ಮಿಗಳು. ಅವರ ದುಡಿಮೆಗೆ ಪ್ರತಿಯಾಗಿ ಸಿಗುತ್ತಿದ್ದ ಅಕ್ಕಿ ದಿನೇ ದಿನೇ ಕಡಿಮೆಯಾಯಿತು.

ನಮ್ಮ ಹಿರಿಯರು ಬಡಿಗ, ಕಮ್ಮಾರ, ಕ್ಷೌರಿಕರಿಗೆ ಆಯವನ್ನು ಕಣದಲ್ಲೇ ಕಾಳಿನ ರೂಪದಲ್ಲಿ ಅಳೆದು ಕೊಡುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ನಾಣ್ಯ ಬದಲಾದರೂ ಸೇರು ಜೋಳದಿಂದ ಎಷ್ಟು ರೊಟ್ಟಿಯಾಗುತ್ತದೆ ಎಂಬುದು ಬದಲಾಗಲಿಲ್ಲ.

ಒಂದು ಮನೆಗೆ ಎಷ್ಟು ಬೇಕು?

ಐದು ಜನರ ದುಡಿಯುವ ಕುಟುಂಬಕ್ಕೆ ಒಂದು ವರ್ಷದ ಅಂದಾಜು ಹೀಗಿದೆ:

1. ಜೋಳ: ದಿನಕ್ಕೆ 2 ಕಿಲೋ ಪ್ರಕಾರ ಸುಮಾರು 7.5 ಕ್ವಿಂಟಲ್.
2. ತೊಗರಿ, ಕಡಲೆ, ಹೆಸರು, ಉದ್ದು ಸೇರಿ: ದಿನಕ್ಕೆ 300 ಗ್ರಾಂ ಪ್ರಕಾರ 1.1 ಕ್ವಿಂಟಲ್.
3. ಕುಸುಬೆ: 1.5 ಕ್ವಿಂಟಲ್. ಎಣ್ಣೆ ಕೆಡುತ್ತದೆ, ಕಾಳು ಉಳಿಯುತ್ತದೆ. ಆದ್ದರಿಂದ ಕಾಳಾಗಿಯೇ ಇಟ್ಟು ಬೇಕಾದಷ್ಟನ್ನು ಆಗಾಗ ಗಾಣಕ್ಕೆ ಹಾಕಿಸಬೇಕು.
4. ಉಪ್ಪು: 20 ಕಿಲೋ. ಇದರ ಜೊತೆಗೆ ಬೆಲ್ಲ, ಹುಣಸೆ, ಒಣ ಮೆಣಸಿನಕಾಯಿ.
5. ಒಂದು ಜೊತೆ ಎತ್ತಿಗೆ ಒಣಮೇವು: ದಿನಕ್ಕೆ 15 ಕಿಲೋ ಪ್ರಕಾರ 55 ಕ್ವಿಂಟಲ್.

2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ. ಐದು ಜನರಿಗೆ 25 ಕಿಲೋ ಆಯಿತು. ಬೇಕಾದದ್ದು 60 ಕಿಲೋ. ಉಳಿದ 35 ಕಿಲೋವನ್ನು ಹೊಲದಿಂದ ಇಲ್ಲವೇ ಪೇಟೆಯಿಂದ ತರಬೇಕು.

ಸೋಯಾ ಇದ್ದರೆ ಸಾಲದೇ?

ಕರ್ನಾಟಕದಲ್ಲಿ ಸೋಯಾ ಅವರೆಯನ್ನು ಅತಿ ಹೆಚ್ಚು ಬೆಳೆಯುವ ಜಿಲ್ಲೆ ಬೀದರ್. ಎಕರೆವಾರು ಹಣದ ಲೆಕ್ಕದಲ್ಲಿ ಅದು ಹಿಂಗಾರಿ ಜೋಳಕ್ಕಿಂತ ಮುಂದಿರುವುದನ್ನು ಒಪ್ಪಬೇಕು. ಆದರೆ ಆಪತ್ಕಾಲದ ಬೆಳೆಯಾಗಿ ನೋಡಿದರೆ ಅದರಲ್ಲಿ ಮೂರು ಕೊರತೆಗಳಿವೆ. ಮೊದಲನೆಯದಾಗಿ, ಅದು ಗಿರಣಿಗಾಗಿ ಬೆಳೆದ ಕಾಳು. ನಮ್ಮ ಮನೆಗಳಲ್ಲಿ ಅದರಿಂದ ಹೊಟ್ಟೆ ತುಂಬುವ ಅಡಿಗೆ ಆಗುವುದಿಲ್ಲ. ಎರಡನೆಯದಾಗಿ, ಅದರ ಬೀಜ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಎರಡನೇ ವರ್ಷಕ್ಕೆ ನಂಬುವಂತಿಲ್ಲ. ಮೂರನೆಯದಾಗಿ, ಅದರ ಹೊಟ್ಟು ಜೋಳದ ಕಣಿಕೆಗೆ ಸಮನಲ್ಲ. ಜೋಳ ಹೋದಂತೆ ಬಣವಿಯೂ ಹೋಗುತ್ತದೆ, ಬಣವಿಯ ಹಿಂದೆ ಎತ್ತೂ ಹೋಗುತ್ತದೆ.

ಸೋಯಾವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಸಾಧಾರಣ ಮಳೆಯಾದ ವರ್ಷ ಖುಷ್ಕಿ ಹಿಂಗಾರಿ ಜೋಳ ಎಕರೆಗೆ 4 ರಿಂದ 5 ಕ್ವಿಂಟಲ್ ಬರುತ್ತದೆ. ಐದು ಎಕರೆಯ ರೈತ ಎರಡು ಎಕರೆಯಲ್ಲಿ ಜೋಳ, ಅದರೊಳಗೆ ಕುಸುಬೆಯ ಸಾಲು ಹಾಕಿಕೊಂಡರೆ ಮನೆಯ ಊಟ ಮತ್ತು ಕಣಿಕೆಯ ಬಹುಭಾಗ ದೊರೆಯುತ್ತದೆ. ಉಳಿದ ಮೂರು ಎಕರೆ ಹಣದ ಬೆಳೆಗೆ ಇರಲಿ. ಎರಡು ಎಕರೆಯಲ್ಲಿ ಬಿಟ್ಟುಕೊಟ್ಟ ಹೆಚ್ಚಿನ ಲಾಭವನ್ನು ವಿಮೆಯ ಕಂತೆಂದು ತಿಳಿಯಬೇಕು.

ಸಂಗ್ರಹದ ಮೂಲ ಸೂತ್ರ: ಒಣಗುವಿಕೆ

ಹಸಿ ಕಾಳನ್ನು ಎಷ್ಟು ಒಳ್ಳೆಯ ಪಾತ್ರೆಯಲ್ಲಿ ತುಂಬಿದರೂ ಅದು ಕೆಡುತ್ತದೆ. ಜೋಳದ ತೇವಾಂಶ ಶೇ. 12ಕ್ಕಿಂತ, ಬೇಳೆಕಾಳುಗಳದ್ದು ಶೇ. 10ಕ್ಕಿಂತ, ಎಣ್ಣೆಕಾಳುಗಳದ್ದು ಶೇ. 8ಕ್ಕಿಂತ ಹೆಚ್ಚಿರಬಾರದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಕುಲುಕಿ ಸ್ವಲ್ಪ ಹೊತ್ತು ಇಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ ಎಂದು ತಿಳಿಯಬೇಕು. ಅಂಟದಿದ್ದರೂ ಇನ್ನೂ ಎರಡು ದಿನ ಬಿಸಿಲು ಕೊಡುವುದು ಕ್ಷೇಮ. ಬಿಸಿಲಿನಿಂದ ತೆಗೆದ ಕಾಳನ್ನು ಆರಿಸಿಯೇ ತುಂಬಬೇಕು.

ಬೇಳೆಕಾಳುಗಳಿಗೆ ಹುಳು ಹತ್ತುವುದು ಹೆಚ್ಚು. ತೊಗರಿಯನ್ನು ಒಡೆದು ಬೇಳೆ ಮಾಡಿಟ್ಟರೆ ದುಂಬಿಯ ಕಾಟ ಬಹಳ ಕಡಿಮೆಯಾಗುತ್ತದೆ. ಇಡಿಯಾಗಿ ಇಡುವುದಾದರೆ ಕಿಲೋಗೆ 5 ಮಿ.ಲೀ. ಅಡಿಗೆ ಎಣ್ಣೆ ಸವರಬೇಕು. ಕಾಳಿಗೆ ಹಾಕುವ ವಿಷದ ಗುಳಿಗೆಗಳನ್ನು ಮನೆಯೊಳಗೆ ಎಂದಿಗೂ ಬಳಸಬಾರದು. ಅದರ ಅನಿಲಕ್ಕೆ ಮನೆಮಂದಿಯೇ ಬಲಿಯಾಗಬಹುದು.

ಹಗೇವು: ಗುಣ ಮತ್ತು ಅಪಾಯ

ಹಗೇವನ್ನು ಗಡಿಯ ಮರಾಠಿಯವರು ಪೇವ್ ಎನ್ನುತ್ತಾರೆ. ಬಾಯಿ ಕಿರಿದು, ಹೊಟ್ಟೆ ಅಗಲ. ಗೋಡೆಗೆ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಹುಲ್ಲು, ಚಪ್ಪಡಿ, ಮಣ್ಣು ಮುಚ್ಚುತ್ತಾರೆ. ಒಳಗಿನ ಕಾಳು ಮತ್ತು ಹುಳುಗಳು ಉಸಿರಾಡುತ್ತ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ. ಹುಳು ತಾನಾಗಿ ಸಾಯುತ್ತದೆ. ಬೆಂಕಿಗೆ, ಕಳ್ಳರಿಗೆ, ಇಲಿಗೆ ಹಗೇವು ಸುಲಭವಾಗಿ ಸಿಗುವುದಿಲ್ಲ.

ಇದರ ಶತ್ರು ನೀರು. ಬಿರಿಯುವ ಕರಿ ಎರೆ ಭೂಮಿಯಲ್ಲಿ ಹಗೇವು ತೋಡಬಾರದು. ಎತ್ತರದ ಗಟ್ಟಿ ಮೊರಂ ಇಲ್ಲವೇ ಬೀದರ್-ಹುಮನಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲ ತಕ್ಕದ್ದು. ಸಾಂಗ್ಲಿ ಹತ್ತಿರದ ಹರಿಪುರದಲ್ಲಿ ಅರಿಷಿಣ ತುಂಬಿದ ಹೆಸರಾಂತ ಪೇವ್‌ಗಳು 2005ರ ಕೃಷ್ಣಾ ಪ್ರವಾಹದಲ್ಲಿ ನೀರು ನುಗ್ಗಿ ಹಾಳಾದುದನ್ನು ಮರೆಯಬಾರದು.

ಇನ್ನೊಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು. ಒಂದು ಇಡೀ ದಿನ ತೆರೆದಿಟ್ಟು, ಕಂಬಳಿ ಬೀಸಿ ಗಾಳಿಯಾಡಿಸಿ, ಉರಿಯುವ ಕಂದೀಲನ್ನು ತಳದವರೆಗೆ ಇಳಿಬಿಡಬೇಕು. ದೀಪ ನಂದಿದರೆ ಇಳಿಯಲೇಬಾರದು. ನಂದದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಒಳಗೆ ಬಿದ್ದವನನ್ನು ಎತ್ತಲು ಹಿಂದೆಯೇ ಜಿಗಿದವನೂ ಅಲ್ಲೇ ಉಳಿಯುತ್ತಾನೆ, ಹಗ್ಗದಿಂದಲೇ ಮೇಲೆಳೆಯಬೇಕು.

ಹೊಸದಾಗಿ ಹಗೇವು ತೋಡಲಾರದವರಿಗೆ ಇದೇ ತತ್ವದ ಮೂರು ಪದರದ ಗಾಳಿಯಾಡದ ಚೀಲಗಳು ಈಗ ದೊರೆಯುತ್ತವೆ. ಒಳಗಿನ ಎರಡು ಪ್ಲಾಸ್ಟಿಕ್ ಪದರಗಳನ್ನು ಒಂದೊಂದಾಗಿ ತಿರುಚಿ ಬಿಗಿಯಾಗಿ ಕಟ್ಟಬೇಕು. ತಗಡಿನ ಕಣಜವೂ ಆಗಬಹುದು. ಅದನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕು.

ಬೀಜದ ಪಾಲು ಬೇರೆ

ಹಗೇವಿನ ಜೋಳ ಊಟಕ್ಕೆ ಸರಿ, ಬಿತ್ತಲು ಸರಿಯಲ್ಲ. ಒಳಗಿನ ಬಿಸಿ ಮತ್ತು ತೇವಕ್ಕೆ ಮೊಳಕೆ ಸಾಯುತ್ತದೆ. ಬೀಜವನ್ನು ಇನ್ನೂ ಹೆಚ್ಚು ಒಣಗಿಸಿ ತಂಪಾದ ಜಾಗದಲ್ಲಿ ಬೇರೆ ಇಡಬೇಕು. ತೇವಾಂಶ ಶೇ. 1ರಷ್ಟು ಇಳಿದರೆ ಬೀಜದ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನದ ಸಾಮಾನ್ಯ ಸೂತ್ರ.

ಎರಡು ಬಿತ್ತನೆಗೆ ಆಗುವಷ್ಟು ಬೀಜವಿರಲಿ. ಮೊದಲ ಬಿತ್ತನೆ ಒಣಗಿದರೆ ಎರಡನೆಯದಕ್ಕೆ ಬೇಕು. ಎಕರೆಗೆ ಜೋಳ 3 ರಿಂದ 4 ಕಿಲೋ, ತೊಗರಿ 4 ರಿಂದ 5 ಕಿಲೋ, ಕಡಲೆ 20 ರಿಂದ 25 ಕಿಲೋ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ಎಂ 35-1, ಅಂದರೆ ನಮ್ಮ ಮಾಲದಂಡಿ, ಸಂಕರಣ ತಳಿಯಲ್ಲ. ಅದರ ಬೀಜವನ್ನು ಮನೆಯಲ್ಲೇ ಆಯ್ದು ಇಟ್ಟುಕೊಳ್ಳಬಹುದು. ಬಿತ್ತುವ ಮುಂಚೆ 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಬೇಕು. ಜೋಳದಲ್ಲಿ 75 ಆದರೂ ಮೊಳೆಯಬೇಕು.

ವಿನಿಮಯದ ಪಾಲು

ವರ್ಷದ ಊಟದ ಮೇಲೆ ಇನ್ನೂ ಎರಡು ಚೀಲ ಜೋಳ, ಒಂದಿಷ್ಟು ಉಪ್ಪು, ಒಂದಿಷ್ಟು ಬೀಜ ಹೆಚ್ಚಾಗಿರಲಿ. ಕಮ್ಮಾರನ ಕೆಲಸಕ್ಕೆ, ಔಷಧಿಗೆ, ಕೂಲಿಗೆ ಇವನ್ನು ಕೊಡಬಹುದು. ವಿನಿಮಯದ ವಸ್ತು ಕೆಡಬಾರದು, ಸಣ್ಣ ಪಾಲಾಗಿ ಅಳೆಯಲು ಬರಬೇಕು, ಎಲ್ಲರಿಗೂ ಬೇಕಾಗಬೇಕು. ಉಪ್ಪಿಗೆ ಈ ಮೂರೂ ಗುಣವಿದೆ. ಕಡಲಿನಿಂದ ದೂರದ ನಮ್ಮ ಸೀಮೆಗೆ ಒಂದು ಕಾಲದಲ್ಲಿ ಲಂಬಾಣಿಗರ ಎತ್ತಿನ ಹೇರುಗಳೇ ಉಪ್ಪನ್ನು ತಂದು ಕಾಳನ್ನು ಒಯ್ಯುತ್ತಿದ್ದವು. ಬಿತ್ತನೆಯ ಹದ ಬಂದಾಗ ಬೀಜಕ್ಕಿಂತ ಬೆಲೆಯುಳ್ಳ ವಸ್ತು ಇನ್ನೊಂದಿಲ್ಲ.

ಊರಿನ ಕಣಜ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಂಡ ಆಯ್ದು ತಂದ ಅಕ್ಕಿ ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚಾಯಿತೆಂದು ಅದನ್ನು ಹಿಂದಕ್ಕೆ ಹಾಕಿಸಿದ ಆಯ್ದಕ್ಕಿ ಲಕ್ಕಮ್ಮನ ನೆಲ ಈ ಕಲ್ಯಾಣ. ಇಲ್ಲಿ ನಿಂತು ಕೂಡಿಡಿ ಎಂದು ಹೇಳುವುದು ಹೇಗೆ? ನೆರೆಯವನ ಹಸಿವಿನಿಂದ ಲಾಭ ಪಡೆಯಲು ಕೂಡಿಟ್ಟರೆ ಅದು ಕಾಳಸಂತೆ. ಅಂಥ ಮನೆ ಸುರಕ್ಷಿತವೂ ಅಲ್ಲ. ಊರೆಲ್ಲ ಹಸಿದಿರುವಾಗ ಒಬ್ಬನ ಹಗೇವು ಎಷ್ಟು ದಿನ ಗುಟ್ಟಾಗಿ ಉಳಿದೀತು? ಭೂಮಿಯಿಲ್ಲದ ಮನೆಗಳಿಗೆ ಕೂಡಿಡಲು ಕಾಳೇ ಇಲ್ಲ ಎಂಬುದನ್ನೂ ಗಮನಿಸಬೇಕು.

ಹುಮನಾಬಾದಿನಿಂದ ಇದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಜಹೀರಾಬಾದ್ ಸಿಗುತ್ತದೆ. ಅಲ್ಲಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೀಳು ಭೂಮಿಯನ್ನು ಸಾಗುವಳಿ ಮಾಡಲು ಬಡ ರೈತರಿಗೆ ಸಾಲ ಕೊಟ್ಟು, ಮರುಪಾವತಿಯನ್ನು ಜೋಳದ ರೂಪದಲ್ಲೇ ಪಡೆದವು. ಅದನ್ನು ಊರಲ್ಲೇ ಕೂಡಿಟ್ಟು, ಮಳೆಗಾಲದ ಕೊರತೆಯ ತಿಂಗಳುಗಳಲ್ಲಿ ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟವು. ಬಹುಪಾಲು ದಲಿತ ಹೆಣ್ಣುಮಕ್ಕಳೇ ನಡೆಸಿದ ಈ ಸಂಘಗಳು ಹತ್ತಾರು ಬಗೆಯ ಬೀಜಗಳನ್ನು ಬೂದಿ, ಬೇವಿನ ಎಲೆ ಬೆರೆಸಿ ಬುಟ್ಟಿಗಳಲ್ಲಿ ಕಾಪಾಡಿವೆ.

ನಮ್ಮಲ್ಲೂ ಇದು ಸಾಧ್ಯ. ಊರಿನ 50 ಮನೆಗಳು ಸುಗ್ಗಿಯಲ್ಲಿ ತಲಾ 25 ಕಿಲೋ ಜೋಳ ಹಾಕಿದರೆ 12.5 ಕ್ವಿಂಟಲ್ ಆಗುತ್ತದೆ. ದಿನಕ್ಕೆ 2 ಕಿಲೋ ಪ್ರಕಾರ ಅದು 10 ಬಡ ಕುಟುಂಬಗಳನ್ನು ಎರಡು ತಿಂಗಳು ಸಾಕುತ್ತದೆ. ಸಾಹುಕಾರರ ಕಾಳಿನ ಸಾಲ ಹಿಂದೆ ಸವಾಯಿ, ದೀಡಪಟ್ಟು ಬಡ್ಡಿಯಲ್ಲಿ ನಡೆಯುತ್ತಿತ್ತು. ಸಂಘದಲ್ಲಿ ಒಣಗಿ, ಸೋರಿ ಕಡಿಮೆಯಾಗುವ ತೂಕವನ್ನು ತುಂಬುವಷ್ಟು ಮಾತ್ರ ಹೆಚ್ಚು ಪಡೆದರೆ ಸಾಕು. ಕೀಲಿಕೈ ಇಬ್ಬರ ಬಳಿ ಇರಲಿ, ಲೆಕ್ಕ ಗೋಡೆಯ ಮೇಲೆ ಬರೆದಿರಲಿ, ಹಳೆಯ ಕಾಳು ಮೊದಲು ಹೊರಗೆ ಹೋಗಲಿ. ಗ್ರಾಮಮಟ್ಟದ ವಿಸ್ತರಣಾ ಕಾರ್ಯಕರ್ತರು ಸ್ತ್ರೀಶಕ್ತಿ ಸಂಘಗಳ ಮೂಲಕ ಇದನ್ನು ಮೊದಲು ಒಂದು ಊರಿನಲ್ಲಿ ಆರಂಭಿಸಬಹುದು.

ಬರುವ ಹಿಂಗಾರಿಯಲ್ಲಿ ಎರಡು ಎಕರೆ ಜೋಳಕ್ಕೆ ಈಗಲೇ ಬೀಜ ಗೊತ್ತುಮಾಡಿಕೊಳ್ಳಿ. ರಾಶಿಯಾದ ಮೇಲೆ ಮಾರುವ ಚೀಲದ ಬಾಯಿ ಹೊಲಿಯುವ ಮೊದಲು ಮನೆಯ ಪಾಲು, ಬೀಜದ ಪಾಲು, ಊರಿನ ಪಾಲು ಈ ಮೂರನ್ನೂ ಅಳೆದು ತೆಗೆದಿಡಿ. ಕಾಲ ಚೆನ್ನಾಗಿಯೇ ನಡೆದರೆ ಮುಂದಿನ ವರ್ಷ ಹಳೆಯ ಜೋಳವನ್ನು ಉಂಡು ಹೊಸದನ್ನು ತುಂಬಿದರಾಯಿತು. ಅದರಿಂದ ಯಾರಿಗೂ ನಷ್ಟವಿಲ್ಲ.