ನೋವು ಕಚ್ಚಿದಾಗಲ್ಲ, ಬಿಟ್ಟಾಗ

“ಯಾವಾಗ್ಲೂ ನೋಯಲ್ಲ ಡಾಕ್ಟ್ರೇ, ಅಡಿಕೆ ಕಡಿದಾಗ ಒಂದೊಂದ್ಸಲ ಝುಮ್ಮನ್ನುತ್ತೆ. ಯಾವ ಹಲ್ಲು ಅಂತಲೇ ಗೊತ್ತಾಗಲ್ಲ.” ಗುಬ್ಬಿ ಕಡೆಯವರು ಯಾರಾದರೂ ತುಮಕೂರಿನ ಶಿರಾ ಗೇಟಿನ ಕ್ಲಿನಿಕ್ಕಿಗೆ ಬಂದು ಹೀಗೆಂದರೆ, ಇವತ್ತಿನ ದಂತವೈದ್ಯರು ಮೊದಲು ದವಡೆ ಹಲ್ಲಿನ ಬಿರುಕನ್ನು ಹುಡುಕುತ್ತಾರೆ. ಹಿಂದೆ ಇದು ವೈದ್ಯರನ್ನೇ ಸುಸ್ತು ಮಾಡುತ್ತಿದ್ದ ದೂರು. ಹುಳುಕಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣದು. ಕಾಣುವುದಾದರೂ ಹೇಗೆ? ಬಿರುಕು ಸಾಮಾನ್ಯವಾಗಿ ಹಲ್ಲಿನ ಮುಂದಿನಿಂದ ಹಿಂದಕ್ಕೆ ಓಡುತ್ತದೆ, ಎಕ್ಸ್‌ರೇ ಕಿರಣ ಕೆನ್ನೆಯಿಂದ ನಾಲಿಗೆಯತ್ತ ಅದನ್ನು ಅಡ್ಡಹಾಯುತ್ತದೆ.

1954ರಲ್ಲಿ ಗಿಬ್ಸ್ ಎಂಬವರು ಹಲ್ಲಿನ ಮೊನೆ ಸೀಳಿ ಬರುವ ನೋವನ್ನು ವಿವರಿಸಿದ್ದರು. 1964ರಲ್ಲಿ ಅಮೆರಿಕದ ಕ್ಯಾಮರಾನ್ ಈ ಲಕ್ಷಣಗಳನ್ನೆಲ್ಲ ಒಟ್ಟುಗೂಡಿಸಿ ‘ಕ್ರ್ಯಾಕ್ಡ್ ಟೂತ್ ಸಿಂಡ್ರೋಮ್’ ಎಂದು ಕರೆದರು. ಆ ಹೆಸರೇ ನಿಂತಿತು. ಇದರ ಗುರುತು ವಿಚಿತ್ರ: ಎಷ್ಟೋ ಸಲ ನೋವು ಚುಚ್ಚುವುದು ಕಚ್ಚಿದಾಗಲ್ಲ, ಕಚ್ಚಿ ಬಿಟ್ಟಾಗ. ಕಚ್ಚಿದಾಗ ಬಿರುಕಿನ ಎರಡು ಹೋಳು ಕೂದಲೆಳೆಯಷ್ಟು ಅಗಲುತ್ತವೆ. ಬಿಟ್ಟೊಡನೆ ಕೂಡಿಕೊಂಡು ಒಳಗಿನ ಸೂಕ್ಷ್ಮ ನಾಳಗಳ ದ್ರವವನ್ನು ದೂಡುತ್ತವೆ, ನರ ಕೆರಳುತ್ತದೆ. ಅದಕ್ಕೇ ವೈದ್ಯರು ಒಂದೊಂದೇ ಮೊನೆಯ ಮೇಲೆ ಪುಟ್ಟ ಪ್ಲಾಸ್ಟಿಕ್ ತುಂಡಿಟ್ಟು “ಕಚ್ಚಿ, ಬಿಡಿ” ಅನ್ನುವುದು. ಪಕ್ಕದಿಂದ ಬೆಳಕು ಹಾಯಿಸಿದರೆ ಅದು ಬಿರುಕಿನ ಗೆರೆಯಲ್ಲೇ ತಡೆದು ನಿಲ್ಲುತ್ತದೆ. ನೀಲಿ ಬಣ್ಣ ಸವರಿದರೆ ಗೆರೆ ಎದ್ದು ಕಾಣುತ್ತದೆ.

ಬಿರುಕು ಸಿಕ್ಕಿತು ಸರಿ, ಹಲ್ಲು ಉಳಿಯುತ್ತದೆಯೇ? ರೂಟ್ ಕೆನಾಲ್ ಮಾಡಿದರೆ ನೋವಿನ ನರ ಹೋಗುತ್ತದೆ, ಬಿರುಕು ಅಲ್ಲೇ ಇರುತ್ತದೆ. ಸೀಳಿದ ಹಲ್ಲಿಗೆ ಖರ್ಚು ಮಾಡುವುದು ದಂಡ ಎಂದು ಕಿತ್ತುಹಾಕಿಸುವವರು ಇಂದಿಗೂ ಇದ್ದಾರೆ. ಈ ಅವಸರ ಸರಿಯಲ್ಲ ಎಂದು ತೋರಿಸಿದ್ದು ಎಣಿಕೆ. 2006ರಲ್ಲಿ ಸಿಂಗಪುರದ ತಂಡವೊಂದು ರೂಟ್ ಕೆನಾಲ್ ಆದ 50 ಬಿರುಕು ಹಲ್ಲುಗಳ ಜಾಡು ಹಿಡಿದು, ಎರಡು ವರ್ಷ ಉಳಿಯುವ ಪ್ರಮಾಣ ಶೇ. 85.5 ಎಂದು ಲೆಕ್ಕ ಹಾಕಿತು. ಹತ್ತು ವರ್ಷದ ಬಳಿಕ ಕೊರಿಯಾದ ವೈದ್ಯರ ಲೆಕ್ಕದಲ್ಲಿ ಇದೇ ಎರಡು ವರ್ಷದ ಪ್ರಮಾಣ ಶೇ. 90.

ನನ್ನ ಮಟ್ಟಿಗೆ ಶೇಕಡಾವಾರಿಗಿಂತ ಹೆಚ್ಚಿನದು, ಕಳೆದುಹೋದ ಹಲ್ಲುಗಳು ಹೇಳಿದ ಮಾತು. ಒಂದಕ್ಕಿಂತ ಹೆಚ್ಚು ಬಿರುಕಿದ್ದವು, ಸಾಲಿನ ಕಟ್ಟಕಡೆಯವು ಬೇಗ ಸೋತವು ಎಂದಿತು ಸಿಂಗಪುರ. ಎರಡೂ ಕಡೆ ದೊಡ್ಡ ಗಂಡಾಂತರವಾಗಿ ಕಂಡದ್ದು ವಸಡಿನ ಸಂದು. ಗಟ್ಟಿ ವಸಡಿನಲ್ಲಿ ಅಳತೆಯ ಕಡ್ಡಿ ಸುಮಾರು 3 ಮಿಲಿಮೀಟರ್‌ಗೆ ನಿಲ್ಲಬೇಕು. ಬಿರುಕಿನ ಪಕ್ಕ ಒಂದೇ ಜಾಗದಲ್ಲಿ ಅದು 6 ದಾಟಿ ಸರ್ರನೆ ಇಳಿದರೆ, ಸೀಳು ಬೇರಿಗೆ ತಲುಪಿದೆ, ಅದರಗುಂಟ ಸೋಂಕೂ ಇಳಿದಿದೆ ಎಂಬ ಅನುಮಾನ ಬಲವಾಗುತ್ತದೆ. ಹಾಗಿಲ್ಲದಿದ್ದರೆ ರೂಟ್ ಕೆನಾಲ್ ಮಾಡಿ, ತಡಮಾಡದೆ ಹಲ್ಲನ್ನು ಸುತ್ತಲೂ ಬಿಗಿಯುವ ಕ್ಯಾಪ್ ಕೂರಿಸುತ್ತಾರೆ. ನೋವು ಹೋಯಿತಲ್ಲ, ಕ್ಯಾಪ್ ಮುಂದಿನ ಕೊಯ್ಲಿಗಾಯಿತು ಎಂದು ಎದ್ದು ಬಂದವರ ಹಲ್ಲು ಅಷ್ಟರಲ್ಲಿ ಎರಡು ಹೋಳಾಗಿರುವುದೂ ಉಂಟು.