ನೀರಿನಿಂದ ಎಂಜಿನ್ನಿನತ್ತ: ಪವರ್‌ಬೋಟಿನ ಪ್ರೊಪೆಲರ್ ಮತ್ತು ಗೇರ್ ಹೊಂದಾಣಿಕೆ

ಅತಿವೇಗದ ಪವರ್‌ಬೋಟುಗಳ ಮಾತು ಬಂದಾಗ ಮೊದಲು ಪ್ರಸ್ತಾಪವಾಗುವುದು ಎಂಜಿನ್ನಿನ ಅಶ್ವಶಕ್ತಿಯೇ ಆದರೂ, ಆ ಶಕ್ತಿ ದೋಣಿಯನ್ನು ಮುನ್ನೂಕುವ ಬಲವಾಗಿ ಮಾರ್ಪಡುವುದು ಎಂಜಿನ್ನಿಗೂ ನೀರಿಗೂ ನಡುವೆ ಇರುವ ಎರಡು ಸಾಧನಗಳ ಮೂಲಕ. ಒಂದು, ಎಂಜಿನ್ನಿನ ಸುತ್ತುವೇಗವನ್ನು ಇಳಿಸುವ ಇಲ್ಲವೇ ಏರಿಸುವ ಗೇರ್. ಇನ್ನೊಂದು, ನೀರನ್ನು ಹಿಂದಕ್ಕೆ ದೂಡುವ ಪ್ರೊಪೆಲರ್. ಎಂಜಿನ್ನಿನ ಸ್ವಭಾವಕ್ಕೂ ದೋಣಿಯ ತೂಕಕ್ಕೂ ಮುಟ್ಟಬೇಕಾದ ವೇಗಕ್ಕೂ ಒಪ್ಪುವಂತೆ ಇವೆರಡನ್ನು ಜೋಡಿಸುವ ವಿದ್ಯೆಗೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

ಪ್ರೊಪೆಲರನ್ನು ಗುರುತಿಸುವುದು ಮುಖ್ಯವಾಗಿ ಎರಡು ಅಳತೆಗಳಿಂದ: ಅದರ ವ್ಯಾಸ ಮತ್ತು ಪಿಚ್. ಮರದೊಳಗೆ ಇಳಿಯುವ ತಿರುಪುಮೊಳೆಯಂತೆ ಪ್ರೊಪೆಲರ್ ಒಂದು ಪೂರ್ಣ ಸುತ್ತಿಗೆ ಎಷ್ಟು ದೂರ ಮುಂದೆ ಸಾಗಬೇಕೋ ಆ ದೂರವೇ ಪಿಚ್. ವಾಡಿಕೆಯಲ್ಲಿ ಇದನ್ನು ಅಂಗುಲಗಳಲ್ಲಿ ಹೇಳುತ್ತಾರೆ. ಆದರೆ ನೀರು ಮರದಷ್ಟು ಗಟ್ಟಿಯಲ್ಲದ ಕಾರಣ ಪ್ರೊಪೆಲರ್ ಲೆಕ್ಕದ ದೂರಕ್ಕಿಂತ ಕಡಿಮೆಯೇ ಸಾಗುತ್ತದೆ, ಈ ಕೊರತೆಗೆ ಸ್ಲಿಪ್ ಎಂದು ಹೆಸರು. ಸ್ಲಿಪ್ ಪೂರ್ತಿ ನಷ್ಟವೆಂದು ಭಾವಿಸಬೇಕಾಗಿಲ್ಲ. ನೀರು ಹಿಂದಕ್ಕೆ ಸರಿದಾಗಲೇ ದೋಣಿಗೆ ನೂಕುಬಲ ಒದಗುವುದರಿಂದ ಅದು ಮಿತಿಯಲ್ಲಿ ಇರಲೇಬೇಕು.

ಗೇರ್ ಅನುಪಾತ ಈ ಲೆಕ್ಕದಲ್ಲಿ ಹೇಗೆ ಸೇರಿಕೊಳ್ಳುತ್ತದೆಂಬುದನ್ನು ಒಂದು ಉದಾಹರಣೆಯಿಂದ ಕಾಣಬಹುದು. ಎಂಜಿನ್ ಕಡೆಯ ಗೇರಿಗೆ 13 ಹಲ್ಲುಗಳೂ ಪ್ರೊಪೆಲರ್ ಕಡೆಯ ಗೇರಿಗೆ 24 ಹಲ್ಲುಗಳೂ ಇದ್ದರೆ ಅನುಪಾತ ಸುಮಾರು 1.85 ಆಗುತ್ತದೆ, ಅಂದರೆ ಎಂಜಿನ್ ನಿಮಿಷಕ್ಕೆ 5,800 ಸುತ್ತು ತಿರುಗುವಾಗ ಪ್ರೊಪೆಲರ್ ತಿರುಗುವುದು ಹೆಚ್ಚುಕಡಿಮೆ 3,140 ಸುತ್ತು. ಪಿಚ್ 23 ಅಂಗುಲವಿದ್ದರೆ ಲೆಕ್ಕದ ವೇಗ ಗಂಟೆಗೆ 110 ಕಿ.ಮೀ.; ಶೇ 10ರಷ್ಟು ಸ್ಲಿಪ್ ಕಳೆದರೆ ಉಳಿಯುವುದು 99 ಕಿ.ಮೀ. ಇದೇ ಎಂಜಿನ್ನಿಗೆ 12 ಮತ್ತು 21 ಹಲ್ಲುಗಳ, ಅಂದರೆ 1.75 ಅನುಪಾತದ ಗೇರ್ ಜೋಡಿಸಿ 22 ಅಂಗುಲದ ಪಿಚ್ ಕೊಟ್ಟರೂ ಕಾಗದದ ಮೇಲೆ ಬರುವ ಉತ್ತರ ಹೆಚ್ಚುಕಡಿಮೆ ಅದೇ.

ಹಾಗಿದ್ದರೆ ಆಯ್ಕೆಯ ಪ್ರಶ್ನೆ ಎಲ್ಲಿ ಬರುತ್ತದೆಂದರೆ ವ್ಯಾಸದಲ್ಲಿ. ಪ್ರೊಪೆಲರ್ ಹೀರಿಕೊಳ್ಳುವ ಶಕ್ತಿ ಸುತ್ತುವೇಗದ ಘನಕ್ಕೂ ವ್ಯಾಸದ ಐದನೆಯ ಘಾತಕ್ಕೂ ಅನುಗುಣವಾಗಿ ಏರುವುದರಿಂದ, ಉಳಿದೆಲ್ಲವೂ ಹಾಗೆಯೇ ಇದ್ದು ವ್ಯಾಸ ಮಾತ್ರ ಶೇ 10ರಷ್ಟು ಹೆಚ್ಚಿದರೆ ಬೇಕಾಗುವ ಶಕ್ತಿ ಶೇ 61ರಷ್ಟು ಹೆಚ್ಚುತ್ತದೆ. ಸುತ್ತುವೇಗವನ್ನು ಗೇರಿನಿಂದ ಹೆಚ್ಚು ಇಳಿಸಿದಷ್ಟೂ ದೊಡ್ಡ ವ್ಯಾಸದ ಪ್ರೊಪೆಲರನ್ನು ತಿರುಗಿಸಲು ಸಾಧ್ಯವಾಗುತ್ತದೆ. ದೊಡ್ಡ ಪ್ರೊಪೆಲರ್ ಹೆಚ್ಚು ನೀರನ್ನು ನಿಧಾನವಾಗಿ ದೂಡುವುದರಿಂದ ತೂಕದ ದೋಣಿಗೆ ಅದು ಹಿತ. ಹಗುರವಾದ, ವೇಗವೇ ಗುರಿಯಾದ ದೋಣಿಗೆ ದೊಡ್ಡ ಅಲಗುಗಳ ಘರ್ಷಣೆ ಹೊರೆಯಾಗುವ ಕಾರಣ, ಅಲ್ಲಿ ಚಿಕ್ಕದಾಗಿ ಚುರುಕಾಗಿ ತಿರುಗುವ ಪ್ರೊಪೆಲರೇ ಮೇಲು.

ಸುತ್ತುವೇಗಕ್ಕೆ ನೀರು ಒಡ್ಡುವ ಮಿತಿಯನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ಟರ್ಬೀನಿಯಾ ಎಂಬ ಉಗಿ ಟರ್ಬೈನ್ ಹಡಗು. ಟರ್ಬೈನ್ ಪ್ರೊಪೆಲರನ್ನು ನೇರವಾಗಿ ಅತಿವೇಗದಲ್ಲಿ ತಿರುಗಿಸಿದಾಗ ಅಲಗುಗಳ ಬೆನ್ನಿನ ಮೇಲೆ ಒತ್ತಡ ಕುಸಿದು, ನೀರು ಕಾಯಿಸದೆಯೇ ಆವಿಯಾಗಿ ಗುಳ್ಳೆಗಟ್ಟುತ್ತಿತ್ತು; ಕ್ಯಾವಿಟೇಶನ್ ಎಂದು ಕರೆಯುವ ಈ ವಿದ್ಯಮಾನದಿಂದ ನೂಕುಬಲ ಸೋರಿಹೋಗಿ ಹಡಗಿನ ವೇಗ 20 ನಾಟ್‌ನ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಪಾರ್ಸನ್ಸ್ ಚಿಕ್ಕ ತೊಟ್ಟಿಯೊಂದನ್ನು ಕಟ್ಟಿ, ಅದರೊಳಗೆ ಮಾದರಿ ಪ್ರೊಪೆಲರನ್ನು ತಿರುಗಿಸಿ ಗುಳ್ಳೆಗಳನ್ನು ಕಣ್ಣಾರೆ ಅಧ್ಯಯನ ಮಾಡಿ, ಒಂದು ದಂಡದ ಬದಲು ಮೂರು ದಂಡಗಳಿಗೆ ತಲಾ ಮೂರರಂತೆ ಒಂಬತ್ತು ಪ್ರೊಪೆಲರುಗಳನ್ನು ಅಳವಡಿಸಿದರು. 1897ರಲ್ಲಿ ಸ್ಪಿಟ್‌ಹೆಡ್‌ನ ನೌಕಾ ಪರಿಶೀಲನೆಯಲ್ಲಿ ಅದೇ ಹಡಗು 34 ನಾಟ್ ವೇಗದಲ್ಲಿ ಸಾಗಿತು. ಮುಂದೆ ವೆಸ್ಪೇಸಿಯನ್ ಎಂಬ ನಿಧಾನಗತಿಯ ಸರಕು ಹಡಗಿಗೆ ಟರ್ಬೈನ್ ಕೂರಿಸುವಾಗ ಅವರು ಸುತ್ತುವೇಗವನ್ನು ಸುಮಾರು ಇಪ್ಪತ್ತು ಪಟ್ಟು ಇಳಿಸುವ ಗೇರನ್ನು ನಡುವೆ ತಂದು, ಅದೇ ಸಮಸ್ಯೆಗೆ ಇನ್ನೊಂದು ದಾರಿ ತೆರೆದರು.

ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ನಡೆದದ್ದು ಅಮೆರಿಕದ ಸಿಯಾಟಲ್‌ನ ಸ್ಲೋ-ಮೋ-ಶುನ್ 4. ಟೆಡ್ ಜೋನ್ಸ್ ವಿನ್ಯಾಸಗೊಳಿಸಿ ಆ್ಯಂಕರ್ ಜೆನ್ಸೆನ್ ಕಟ್ಟಿದ ಈ ದೋಣಿಯನ್ನು ಅದರ ಒಡೆಯ ಸ್ಟ್ಯಾನ್ಲಿ ಸೇಯರ್ಸ್ 1950ರ ಜೂನ್ 26ರಂದು ವಾಷಿಂಗ್ಟನ್ ಸರೋವರದಲ್ಲಿ ಗಂಟೆಗೆ 160.323 ಮೈಲಿ, ಅಂದರೆ 258 ಕಿ.ಮೀ. ವೇಗದಲ್ಲಿ ಓಡಿಸಿ, ಮಾಲ್ಕಂ ಕ್ಯಾಂಪ್‌ಬೆಲ್ 1939ರಲ್ಲಿ ಸ್ಥಾಪಿಸಿದ್ದ 141.74 ಮೈಲಿಯ ವಿಶ್ವದಾಖಲೆಯನ್ನು ಮುರಿದರು. ದೋಣಿಯಲ್ಲಿದ್ದದ್ದು ಆ್ಯಲಿಸನ್ ಕಂಪನಿಯ ವಿಮಾನ ಎಂಜಿನ್. ಅದರ ಸುತ್ತುವೇಗವನ್ನು ಗೇರ್‌ಪೆಟ್ಟಿಗೆ ಇಳಿಸುವ ಬದಲು ಸುಮಾರು ಮೂರು ಪಟ್ಟು ಏರಿಸುತ್ತಿತ್ತು. ಇದರ ಅಗತ್ಯವೇನೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ: ಗೇರಿಲ್ಲದೆ ಪ್ರೊಪೆಲರ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ, ದಾಖಲೆಯ ವೇಗಕ್ಕೆ ಪ್ರತಿ ಸುತ್ತಿಗೂ 56 ಅಂಗುಲ ಮುನ್ನಡೆಯಬೇಕಾಗುತ್ತದೆ, ಅಷ್ಟು ಪಿಚ್ ಇರುವ ಚಿಕ್ಕ ಪ್ರೊಪೆಲರಿನ ಅಲಗುಗಳು ನೀರನ್ನು ಹಿಂದಕ್ಕೆ ದೂಡುವುದಕ್ಕಿಂತ ಪಕ್ಕಕ್ಕೆ ಕಲಕುವುದೇ ಹೆಚ್ಚು. ಸುತ್ತುವೇಗ 9,000ಕ್ಕೆ ಏರಿದರೆ ಪ್ರತಿ ಸುತ್ತಿಗೂ ಸಾಗಬೇಕಾದದ್ದು 19 ಅಂಗುಲದಷ್ಟೇ.

ಹೀಗೆ ತಿರುಗುವಾಗ ಕ್ಯಾವಿಟೇಶನ್ ತಪ್ಪುವಂತಿರಲಿಲ್ಲವಾದ್ದರಿಂದ ಅದನ್ನು ಬೇರೆ ಬಗೆಯಲ್ಲಿ ನಿಭಾಯಿಸಬೇಕಾಯಿತು. ದೋಣಿ ಪೂರ್ಣ ವೇಗದಲ್ಲಿ ಮೇಲೆದ್ದಾಗ ಪ್ರೊಪೆಲರಿನ ಕೆಳ ಅರ್ಧ ಮಾತ್ರ ನೀರಿನಲ್ಲಿರುತ್ತಿತ್ತು. ಮುಂಭಾಗದ ಎರಡು ತೇಲುಭಾಗಗಳ ಜೊತೆಗೆ ದೋಣಿಯ ಹಿಂಭಾಗವನ್ನು ಎತ್ತಿ ಹಿಡಿಯುವ ಮೂರನೆಯ ಆಸರೆಯೂ ಅದೇ ಆಗಿತ್ತು. ಅಲಗು ಪ್ರತಿ ಸುತ್ತಿನಲ್ಲೂ ಗಾಳಿಯಿಂದ ನೀರಿಗೆ ಇಳಿಯುವಾಗ ತನ್ನ ಬೆನ್ನಿಗೆ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಆವಿಗುಳ್ಳೆಗಳು ಕುಸಿದು ಲೋಹವನ್ನು ಕೊರೆಯುವ ಸಂದರ್ಭ ಕಡಿಮೆಯಾಗುತ್ತದೆ, ದಂಡದ ಎಳೆತವೂ ಬಹುಮಟ್ಟಿಗೆ ನೀಗುತ್ತದೆ. 1952ರಲ್ಲಿ ಇದೇ ದೋಣಿ ತನ್ನ ದಾಖಲೆಯನ್ನು 178.497 ಮೈಲಿಗೆ ಏರಿಸಿಕೊಂಡಿತು.

ಲೆಕ್ಕ ಮುಗಿದ ಮೇಲೆ ಉಳಿಯುವುದು ನೀರಿನ ಮೇಲಿನ ಪರೀಕ್ಷೆ. ದೋಣಿಗೆ ವಾಡಿಕೆಯ ಹೊರೆ ಹೇರಿ, ಥ್ರಾಟಲ್ ಪೂರ್ತಿ ತೆರೆದಾಗ ಎಂಜಿನ್ ತಯಾರಕರು ಸೂಚಿಸಿದ ಸುತ್ತುವೇಗದ ಮೇಲಂಚಿನ ಬಳಿಗೆ ಅದು ತಲುಪಬೇಕು. ತಲುಪದಿದ್ದರೆ ಪಿಚ್ ಹೆಚ್ಚಾಗಿದೆ ಎಂದರ್ಥ, ಆ ಸ್ಥಿತಿಯಲ್ಲಿ ಎಂಜಿನ್ ಏದುಸಿರು ಬಿಡುತ್ತ ಬಿಸಿಯೇರಿ ಬೇಗ ಸವೆಯುತ್ತದೆ. ಮೀರಿದರೆ ಪಿಚ್ ಸಾಲದು. ಪಿಚ್ಚಿನಲ್ಲಿ ಒಂದು ಅಂಗುಲ ವ್ಯತ್ಯಾಸವಾದರೆ ಸುತ್ತುವೇಗ ಸಾಮಾನ್ಯವಾಗಿ 150ರಿಂದ 200ರಷ್ಟು ಬದಲಾಗುತ್ತದೆ. ಅದಕ್ಕೂ ಸೂಕ್ಷ್ಮವಾದ ತಿದ್ದುಪಡಿಯನ್ನು ಪ್ರೊಪೆಲರ್ ಕಸುಬುದಾರರು ಅಲಗಿನ ಹಿಂಬದಿಯ ಅಂಚನ್ನು ತುಸುವೇ ಬಾಗಿಸಿ ಸಾಧಿಸುತ್ತಾರೆ. ಕಪ್ ಎಂದು ಕರೆಯುವ ಈ ಬಾಗು ನೀರಿನ ಮೇಲಿನ ಹಿಡಿತವನ್ನು ಬಲಪಡಿಸಿ ಸ್ಲಿಪ್ಪನ್ನು ಕಡಿಮೆ ಮಾಡುತ್ತದೆ.

ವೆಸ್ಪೇಸಿಯನ್ ಸುತ್ತುವೇಗವನ್ನು ಇಪ್ಪತ್ತು ಪಟ್ಟು ಇಳಿಸಿ ಗೆದ್ದರೆ ಸ್ಲೋ-ಮೋ-ಶುನ್ ಮೂರು ಪಟ್ಟು ಏರಿಸಿ ಗೆದ್ದದ್ದನ್ನು ನೋಡಿದರೆ, ತನ್ನಷ್ಟಕ್ಕೆ ಒಳ್ಳೆಯದು ಎನ್ನಬಹುದಾದ ಗೇರ್ ಅನುಪಾತ ಯಾವುದೂ ಇಲ್ಲವೆಂಬುದು ಖಚಿತವಾಗುತ್ತದೆ. ಆದ್ದರಿಂದಲೇ ಬಲ್ಲ ವಿನ್ಯಾಸಕಾರರು ದೋಣಿಯ ತೂಕವನ್ನೂ ಅದು ಮುಟ್ಟಬೇಕಾದ ವೇಗವನ್ನೂ ಮೊದಲು ನಿಶ್ಚಯಿಸಿ, ಅದಕ್ಕೆ ಒಪ್ಪುವ ಪ್ರೊಪೆಲರನ್ನು ಗೊತ್ತುಮಾಡಿ, ಆ ಪ್ರೊಪೆಲರ್ ಕೇಳುವ ಸುತ್ತುವೇಗದಿಂದ ಗೇರ್ ಅನುಪಾತವನ್ನು ಲೆಕ್ಕ ಹಾಕಿ, ಕೊನೆಯಲ್ಲಿ ಎಂಜಿನ್ನಿನ ಬಳಿಗೆ ಬರುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿ ಅಶ್ವಶಕ್ತಿಯಿಂದಲೇ ಲೆಕ್ಕ ಆರಂಭಿಸಿದವರು ಖರ್ಚು ಮಾಡಿದ ಇಂಧನದ ಬಹುಪಾಲು ದೋಣಿಯ ಹಿಂದೆ ನೊರೆಯಾಗಿಯೇ ಕಳೆದುಹೋಗುತ್ತದೆ.