ಮದ್ಯಪಾನದ ನಂತರ ಶರೀರವು ಸಹಜ ಸ್ಥಿತಿಗೆ ಮರಳಲು ಬೇಕಾಗುವ ಕಾಲಾವಧಿ: ಚಾಲನಾ ಅನುಜ್ಞಾ ಪತ್ರದ ಅರ್ಜಿದಾರರಿಗೆ ಮಾಹಿತಿ

ರಾತ್ರಿ ಮದ್ಯಪಾನ ಮಾಡಿದವರು ನಿದ್ರಿಸಿ ಎದ್ದ ಮೇಲೆ ವಾಹನ ಚಾಲನೆ ಮಾಡಬಹುದೆಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆಯು ಅನೇಕ ಸಂದರ್ಭಗಳಲ್ಲಿ ಸರಿಯಲ್ಲ. ಅಮಲು ಇಳಿದಂತೆ ತೋರಿದರೂ ಮದ್ಯಸಾರವು ಕಾನೂನಿನ ಮಿತಿಗಿಂತ ಹೆಚ್ಚಾಗಿ ರಕ್ತದಲ್ಲಿ ಉಳಿದಿರಬಹುದು. ಚಾಲನಾ ಅನುಜ್ಞಾ ಪತ್ರಕ್ಕಾಗಿ ಹಾಗೂ ಅದರ ನವೀಕರಣಕ್ಕಾಗಿ ಅರ್ಜಿ ಸಲ್ಲಿಸುವವರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕಾನೂನಿನ ಮಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 185ರ ಮೇರೆಗೆ, ಚಾಲಕರ ಪ್ರತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿರುವುದು ಅಪರಾಧವಾಗಿರುತ್ತದೆ. 2019ರ ತಿದ್ದುಪಡಿಯ ಅನ್ವಯ ಮೊದಲನೆಯ ಅಪರಾಧಕ್ಕೆ 6 ತಿಂಗಳವರೆಗಿನ ಕಾರಾವಾಸ ಅಥವಾ ರೂ. 10,000 ಜುಲ್ಮಾನೆ ಅಥವಾ ಇವೆರಡನ್ನೂ, ನಂತರದ ಅಪರಾಧಕ್ಕೆ 2 ವರ್ಷಗಳವರೆಗಿನ ಕಾರಾವಾಸ ಅಥವಾ ರೂ. 15,000 ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಲು ಅವಕಾಶ ಕಲ್ಪಿಸಲಾಗಿದೆ. ಮದ್ಯ ಸೇವಿಸಿದ್ದು ಹಿಂದಿನ ರಾತ್ರಿ ಎಂಬ ಕಾರಣಕ್ಕೆ ಯಾವುದೇ ವಿನಾಯಿತಿ ಇರುವುದಿಲ್ಲ.

2. ಮದ್ಯಸಾರವು ಶರೀರದಿಂದ ಹೊರಹೋಗುವ ಬಗೆ

ಮದ್ಯಸಾರವು ಜಠರ ಮತ್ತು ಸಣ್ಣ ಕರುಳಿನ ಮೂಲಕ ರಕ್ತವನ್ನು ಸೇರುತ್ತದೆ. ರಕ್ತದಲ್ಲಿ ಅದರ ಪ್ರಮಾಣವು ಗರಿಷ್ಠ ಮಟ್ಟವನ್ನು ತಲುಪಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಆದುದರಿಂದ ಕುಡಿಯುವುದನ್ನು ನಿಲ್ಲಿಸಿದ ನಂತರವೂ ಅಮಲು ಏರುತ್ತಿರಬಹುದು.

ಶರೀರವನ್ನು ಸೇರಿದ ಮದ್ಯಸಾರದ ಶೇ. 90ಕ್ಕೂ ಹೆಚ್ಚಿನ ಭಾಗವನ್ನು ಯಕೃತ್ತು ವಿಘಟಿಸುತ್ತದೆ. ಉಳಿದ ಅಲ್ಪ ಭಾಗವು ಉಸಿರು, ಮೂತ್ರ ಮತ್ತು ಬೆವರಿನ ಮೂಲಕ ಹೊರಹೋಗುತ್ತದೆ. ಎಷ್ಟೇ ಕುಡಿದರೂ ಯಕೃತ್ತಿನ ಕಾರ್ಯವೇಗವು ಬಹುತೇಕ ಒಂದೇ ಆಗಿರುತ್ತದೆ. ಪ್ರತಿ 100 ಮಿ.ಲೀ. ರಕ್ತದಲ್ಲಿ ಗಂಟೆಗೆ ಸರಾಸರಿ 15 ಮಿ.ಗ್ರಾಂ. ಮದ್ಯಸಾರ ಮಾತ್ರ ಕಡಿಮೆಯಾಗುತ್ತದೆ.

3. ಉದಾಹರಣೆ

70 ಕಿ.ಗ್ರಾಂ. ತೂಕದ ಪುರುಷರೊಬ್ಬರು ರಾತ್ರಿ 11 ಗಂಟೆಗೆ ಶೇ. 42.8 ಮದ್ಯಸಾರವುಳ್ಳ ವಿಸ್ಕಿಯನ್ನು 180 ಮಿ.ಲೀ. (ಒಂದು ಕ್ವಾರ್ಟರ್) ಸೇವಿಸಿದ್ದಾರೆಂದು ಭಾವಿಸೋಣ. ಇದರಲ್ಲಿ ಸುಮಾರು 61 ಗ್ರಾಂ. ಮದ್ಯಸಾರವಿರುತ್ತದೆ. ಪ್ರತಿ 100 ಮಿ.ಲೀ. ರಕ್ತಕ್ಕೆ ಇದು ಅಂದಾಜು 128 ಮಿ.ಗ್ರಾಂ. ಆಗುತ್ತದೆ. ಸರಾಸರಿ ವೇಗದಲ್ಲಿ ಕಳೆಯುತ್ತಾ ಹೋದರೆ ಉಳಿಯುವ ಪ್ರಮಾಣವು ಇಂತಿದೆ:

ರಾತ್ರಿ 1 ಗಂಟೆ: 98 ಮಿ.ಗ್ರಾಂ.
ರಾತ್ರಿ 3 ಗಂಟೆ: 68 ಮಿ.ಗ್ರಾಂ.
ಬೆಳಿಗ್ಗೆ 5 ಗಂಟೆ: 38 ಮಿ.ಗ್ರಾಂ.
ಬೆಳಿಗ್ಗೆ 7.30 ಗಂಟೆ: ಬಹುತೇಕ ಶೂನ್ಯ

ಅಂದರೆ, ಸದರಿಯವರು ಬೆಳಿಗ್ಗೆ 5 ಗಂಟೆಗೆ ಎದ್ದು ವಾಹನ ಚಲಾಯಿಸಿದಲ್ಲಿ ಅಪರಾಧವೆಸಗಿದಂತಾಗುತ್ತದೆ. ವಿಘಟನೆಯ ವೇಗವು ಗಂಟೆಗೆ 10 ಮಿ.ಗ್ರಾಂ. ಮಾತ್ರ ಇರುವವರು ಕಾನೂನಿನ ಮಿತಿಯೊಳಗೆ ಬರಲು ಬೆಳಿಗ್ಗೆ ಸುಮಾರು 9 ಗಂಟೆಯಾಗುತ್ತದೆ. ಕಡಿಮೆ ತೂಕದವರಲ್ಲಿ ಹಾಗೂ ಸಾಮಾನ್ಯವಾಗಿ ಮಹಿಳೆಯರಲ್ಲಿ ಅಷ್ಟೇ ಮದ್ಯಕ್ಕೆ ರಕ್ತದಲ್ಲಿನ ಪ್ರಮಾಣವು ಇನ್ನೂ ಹೆಚ್ಚಾಗಿರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯೊಂದು 60 ಮಿ.ಲೀ.ನ ಎರಡು ಪೆಗ್ ವಿಸ್ಕಿಗೆ ಸಮನಾಗಿರುವುದನ್ನೂ ಗಮನಿಸತಕ್ಕದ್ದು.

4. ತಪ್ಪು ಕಲ್ಪನೆಗಳು

ಮಜ್ಜಿಗೆ, ನಿಂಬೆ ಪಾನಕ, ಕಾಫಿ, ತಣ್ಣೀರಿನ ಸ್ನಾನ ಇವುಗಳಿಂದ ಮದ್ಯಸಾರವು ಬೇಗ ಕರಗುವುದಿಲ್ಲ. ಕಾಫಿಯು ತೂಕಡಿಕೆಯನ್ನು ತಗ್ಗಿಸಬಹುದು, ಆದರೆ ರಕ್ತದಲ್ಲಿನ ಪ್ರಮಾಣವನ್ನು ತಗ್ಗಿಸದು. ಊಟದೊಂದಿಗೆ ಸೇವಿಸಿದಲ್ಲಿ ಅಮಲು ನಿಧಾನವಾಗಿ ಏರುತ್ತದೆ. ಆದರೆ ಕುಡಿದಾದ ಮೇಲೆ ಮಾಡಿದ ಊಟವು ಅಮಲನ್ನು ಇಳಿಸುವುದಿಲ್ಲ. ಇದಕ್ಕೆ ಕಾಲವೊಂದೇ ಪರಿಹಾರ.

5. ಸೂಚನೆ

ಮೇಲ್ಕಂಡ ಲೆಕ್ಕವು ಅಂದಾಜು ಮಾತ್ರ. ಇದನ್ನು ಆಧರಿಸಿ ಚಾಲನೆಯ ವೇಳೆಯನ್ನು ನಿಗದಿಪಡಿಸಿಕೊಳ್ಳಬಾರದು. ಮುಂಜಾನೆ ವಾಹನ ಚಲಾಯಿಸಬೇಕಾದವರು ಹಿಂದಿನ ರಾತ್ರಿ ಮದ್ಯ ಸೇವಿಸದಿರುವುದೇ ಸೂಕ್ತ. ಮದ್ಯಪಾನ ಮಾಡಿದವರು ಎಬ್ಬಿಸಿದರೂ ಏಳದಿದ್ದಲ್ಲಿ ಅಥವಾ ಅವರ ಉಸಿರಾಟ ನಿಧಾನವಾದಲ್ಲಿ, ನಿದ್ರೆಯೆಂದು ಬಿಡದೆ, ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.